ಸರೋವರದ ದಂಡೆಯಲ್ಲಿ ಸನ್ನದ್ಧ ಸೇವೆ

ಕಡಲು ಅಪಾಯಕರವೆಂಬುದು ಎಲ್ಲರೂ ಬಲ್ಲ ಮಾತು. ಸರೋವರವು ಸೌಮ್ಯವೆಂಬುದು ಎಲ್ಲರೂ ನಂಬಿರುವ ಮಾತು. ಆದರೆ ಈ ನಂಬಿಕೆಯೇ ಅನೇಕ ಜೀವಗಳಿಗೆ ಎರವಾಗಿದೆ.

ಸ್ಕಾಟ್ಲೆಂಡಿನ ಉತ್ತರಭಾಗದಲ್ಲಿರುವ ಲಾಕ್ ನೆಸ್ ಸರೋವರವು ತನ್ನಲ್ಲಿ ಅಡಗಿದೆಯೆಂದು ಹೇಳಲಾಗುವ ವಿಚಿತ್ರ ಪ್ರಾಣಿಯ ಕಥೆಯಿಂದ ಲೋಕಪ್ರಸಿದ್ಧವಾಗಿದೆ. ಅದರ ನಿಜವಾದ ಭಯವಿರುವುದು ನೀರಿನಲ್ಲಿಯೇ. ಸುಮಾರು 36 ಕಿಲೋಮೀಟರ್ ಉದ್ದದ, ಸುಮಾರು 230 ಮೀಟರ್ ಆಳಕ್ಕಿಳಿಯುವ ಈ ಸರೋವರದ ಇಕ್ಕೆಲಗಳಲ್ಲಿ ಬೆಟ್ಟಗಳು ಗೋಡೆಯಂತೆ ನಿಂತಿವೆ. ಕಣಿವೆಯುದ್ದಕ್ಕೂ ನುಗ್ಗುವ ನೈಋತ್ಯದ ಗಾಳಿ ಕಡಲನ್ನು ನೆನಪಿಸುವ ಅಲೆಗಳನ್ನೆಬ್ಬಿಸುತ್ತದೆ. ಆಳದ ನೀರು ವರ್ಷವಿಡೀ ಐದಾರು ಡಿಗ್ರಿಯಷ್ಟು ತಣ್ಣಗಿರುತ್ತದೆ. ಇಂಥ ತಣ್ಣೀರಿಗೆ ಥಟ್ಟನೆ ಬಿದ್ದವನು ಈಜು ಬಲ್ಲವನಾದರೂ ಉಸಿರಿನ ಹಿಡಿತ ತಪ್ಪಿ ಮುಳುಗಬಹುದು. ವೇಗದ ದಾಖಲೆಗಳಿಂದ ಹೆಸರಾಗಿದ್ದ ಜಾನ್ ಕಾಬ್ 1952ರಲ್ಲಿ ಇದೇ ನೀರಿನ ಮೇಲೆ ದೋಣಿ ಛಿದ್ರವಾಗಿ ಪ್ರಾಣ ಬಿಟ್ಟನು.

ಈ ಸರೋವರದ ದಂಡೆಯಲ್ಲಿ, ಡ್ರಮ್ನಡ್ರಾಚಿಟ್ ಗ್ರಾಮದ ಸಮೀಪ, 2008ರಿಂದ ಒಂದು ಜೀವರಕ್ಷಕ ದೋಣಿಯ ನೆಲೆ ಕಾರ್ಯನಿರತವಾಗಿದೆ. ಇದನ್ನು ನಡೆಸುವುದು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂಬ ಧರ್ಮಾರ್ಥ ಸಂಸ್ಥೆ. ಸರ್ ವಿಲಿಯಂ ಹಿಲರಿಯ ಪ್ರಯತ್ನದಿಂದ 1824ರಲ್ಲಿ ಹುಟ್ಟಿದ ಈ ಸಂಸ್ಥೆ ಕಡಲತೀರಕ್ಕೇ ಮೀಸಲಾಗಿತ್ತು. 2001ರಲ್ಲಿ ಉತ್ತರ ಐರ್ಲೆಂಡಿನ ಲಾಕ್ ಅರ್ನ್ ಸರೋವರದಲ್ಲಿ ನೆಲೆ ತೆರೆದು ಒಳನಾಡಿನ ಸರೋವರಗಳಿಗೂ ತನ್ನ ಕೈ ಚಾಚಿತು.

ನೆಲೆಯ ನಾವಿಕರು ಸಂಬಳದ ನೌಕರರಲ್ಲ. ಸುತ್ತಲಿನ ಊರುಗಳಲ್ಲಿ ತಮ್ಮ ತಮ್ಮ ಕಸುಬು ಮಾಡಿಕೊಂಡಿರುವ ಸ್ವಯಂಸೇವಕರು. ಕರಾವಳಿ ರಕ್ಷಣಾ ಇಲಾಖೆಯಿಂದ ಕರೆ ಬಂದೊಡನೆ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು ದಂಡೆಗೆ ಧಾವಿಸುತ್ತಾರೆ. ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ದೋಣಿಯನ್ನು ಮೂರು ನಾಲ್ಕು ಜನ ನಡೆಸುತ್ತಾರೆ. ಸಂಸ್ಥೆಗೆ ಸೇರುವವರಲ್ಲಿ ಬಹುಪಾಲು ಜನರಿಗೆ ನೌಕಾವೃತ್ತಿಯ ಹಿನ್ನೆಲೆ ಇರುವುದಿಲ್ಲ. ಅವರಿಗೆ ಹಂತಹಂತವಾಗಿ ಶಿಕ್ಷಣ ಕೊಡಲಾಗುತ್ತದೆ. ಇದಕ್ಕಾಗಿಯೇ ಇಂಗ್ಲೆಂಡಿನ ಪೂಲ್ ಪಟ್ಟಣದಲ್ಲಿ ಒಂದು ವಿದ್ಯಾಲಯವಿದೆ.

ಇಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ. ವಿಹಾರಕ್ಕೆ ಹೋಗಿ ಅಜಾಗರೂಕತೆಯಿಂದ ಆಪತ್ತು ತಂದುಕೊಂಡವರಿಗಾಗಿ ಪರರು ಏಕೆ ಪ್ರಾಣವನ್ನು ಪಣಕ್ಕೊಡ್ಡಬೇಕು ಎಂಬುದು ಮೊದಲನೆಯದು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ನೀರಿಗಿಳಿಯುವವನು ಎಚ್ಚರ ವಹಿಸುವುದು ಅವನ ಕರ್ತವ್ಯವೇ. ಆದರೆ ಮುಳುಗುವವನ ಗುಣದೋಷಗಳನ್ನು ದಂಡೆಯ ಮೇಲೆ ನಿಂತು ವಿಚಾರಿಸುವುದು ನ್ಯಾಯವೂ ಅಲ್ಲ, ಅದಕ್ಕೆ ಸಮಯವೂ ಇಲ್ಲ. ತಪ್ಪಿಗೆ ತಿದ್ದುಪಡಿಯುಂಟು, ಹೋದ ಪ್ರಾಣಕ್ಕೆ ಅದಿಲ್ಲ.

ಎರಡನೆಯದು, ಇಂಥ ಕಾರ್ಯವನ್ನು ಸರ್ಕಾರವೇ ಏಕೆ ನಡೆಸಬಾರದು ಎಂಬುದು. ಈ ಸಂಸ್ಥೆಯೂ 1854ರಿಂದ ಸರ್ಕಾರದ ನೆರವನ್ನು ಪಡೆದು, 1869ರಲ್ಲಿ ಅದನ್ನು ಬಿಟ್ಟು ಜನರ ಔದಾರ್ಯವನ್ನೇ ನೆಚ್ಚಿತು. ಆ ನೆಚ್ಚಿಕೆ ಹುಸಿಯಾಗಲಿಲ್ಲ. 1886ರಲ್ಲಿ ಲಂಕಾಷೈರ್ ತೀರದಲ್ಲಿ ಹಡಗೊಂದರ ನೆರವಿಗೆ ಹೋದ 27 ಮಂದಿ ಜೀವರಕ್ಷಕರು ನೀರುಪಾಲಾದರು. ಆ ದುರಂತದಿಂದ ಮನಕರಗಿದ ಸರ್ ಚಾರ್ಲ್ಸ್ ಮಕಾರಾ 1891ರಲ್ಲಿ ಮ್ಯಾಂಚೆಸ್ಟರ್ ನಗರದ ಬೀದಿಗಳಲ್ಲಿ ಮೆರವಣಿಗೆ ಹೊರಡಿಸಿ, ಶ್ರೀಮಂತರಿಂದ ಮಾತ್ರವಲ್ಲದೆ ದುಡಿಯುವ ಸಾಮಾನ್ಯರಿಂದಲೂ ಕಾಸು ಕೂಡಿಸಿದನು. ದಾನವೆಂಬುದು ಕೆಲವರ ಹಿರಿಮೆಯಾಗಿರದೆ ಹಲವರ ಹೊಣೆಯಾದಾಗಲೇ ಸಂಸ್ಥೆ ನೂರಾರು ವರ್ಷ ಬಾಳುತ್ತದೆ.

ಆದರೂ ಬರಿಯ ಹಣದಿಂದ ದೋಣಿ ಸಾಗದು; ಬರಿಯ ಕರುಣೆಯಿಂದಲೂ ಸಾಗದು. ಈಜು ಬಾರದವನು ಕನಿಕರದಿಂದ ನೀರಿಗೆ ಧುಮುಕಿದರೆ ಒಂದು ಸಾವಿನ ಬದಲು ಎರಡು ಸಾವುಗಳಾಗುತ್ತವೆ. ಕರುಣೆಗೆ ಕೌಶಲ ಕೂಡಬೇಕು, ಕೌಶಲಕ್ಕೆ ಅಭ್ಯಾಸ ಕೂಡಬೇಕು. ಕರೆ ಬಾರದ ದಿನಗಳಲ್ಲಿ ಹಗ್ಗ ಸರಿಪಡಿಸುವ, ಯಂತ್ರ ಪರೀಕ್ಷಿಸುವ, ಕತ್ತಲಲ್ಲಿ ದೋಣಿ ನಡೆಸಿ ನೋಡುವ ತಾಳ್ಮೆಯೇ ನಿಜವಾದ ಸೇವೆ. ಸಾಹಸವೆಂದು ಜನ ಕೊಂಡಾಡುವುದು ಈ ದೀರ್ಘ ಸಿದ್ಧತೆಯ ಒಂದು ಕ್ಷಣವನ್ನು ಮಾತ್ರ.

ಐರ್ಲೆಂಡ್ ಮತ್ತು ಬಾಂಗ್ಲಾದೇಶಗಳ ಮುಂದಾಳತ್ವದಲ್ಲಿ ವಿಶ್ವಸಂಸ್ಥೆಯು 2021ರಲ್ಲಿ ನಿರ್ಣಯ ಕೈಗೊಂಡು, ಜುಲೈ 25ನ್ನು ಮುಳುಗುಸಾವುಗಳ ತಡೆಯ ದಿನವೆಂದು ಗೊತ್ತುಪಡಿಸಿತು. ಇಂಥ ಸಾವುಗಳಲ್ಲಿ ಹತ್ತರಲ್ಲಿ ಒಂಬತ್ತು ಸಂಭವಿಸುವುದು ಬಡ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿ. ಕೆರೆ, ಬಾವಿ, ಹೊಳೆಗಳನ್ನು ನೆಚ್ಚಿ ಬಾಳುವ ಕರ್ನಾಟಕದ ಊರುಗಳಿಗೂ ಈ ಮಾತು ಸಲ್ಲುತ್ತದೆ. ಪ್ರತಿ ಕೆರೆಯ ದಂಡೆಯಲ್ಲಿ ವೇಗದ ದೋಣಿಯನ್ನಿರಿಸುವುದು ಅಸಾಧ್ಯವಾದೀತು. ಆದರೆ ಮಕ್ಕಳಿಗೆ ಈಜು ಕಲಿಸುವುದು, ಏರಿಯ ಮೇಲೆ ಒಂದು ಹಗ್ಗವನ್ನೂ ತೇಲುಬಳೆಯನ್ನೂ ಇರಿಸುವುದು, ಊರಿನ ಹತ್ತು ಮಂದಿ ತರುಣರಿಗೆ ರಕ್ಷಣೆಯ ತರಬೇತಿ ಕೊಡಿಸುವುದು ಅಸಾಧ್ಯವಲ್ಲ. ಅಕ್ಷರ ಕಲಿಸುವ ಶಾಲೆಗಳು ಈ ವಿದ್ಯೆಯನ್ನೂ ಕಲಿಸಿದರೆ, ಅವುಗಳಿಗೆ ನೀಡಿದ ಪ್ರತಿಯೊಂದು ಕಾಣಿಕೆಯೂ ಒಂದಲ್ಲ ಒಂದು ದಿನ ಯಾವುದೋ ಮನೆಯ ದೀಪವನ್ನು ಆರದಂತೆ ಕಾಯುವುದರಲ್ಲಿ ಸಂದೇಹವಿಲ್ಲ.