ಗುಜರಿಗೆ ಹಾಕುವ ಮುನ್ನ

ಇಂಡಿ ತಾಲ್ಲೂಕಿನ ಲಚ್ಯಾಣದ ಹೆಸರನ್ನು 2024ರ ಏಪ್ರಿಲ್‌ನಲ್ಲಿ ನಾಡೆಲ್ಲ ಕೇಳಿತು. 3ರ ಸಂಜೆ ತೆರೆದ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ಮೇಲೆತ್ತಲಾಯಿತು. ಒಳಗಿದ್ದ ಮಗುವಿಗೆ ನಳಿಕೆಯ ಮೂಲಕ ಆಮ್ಲಜನಕ ಪೂರೈಸಲಾಗಿತ್ತು. ಮೇಲೆ ಆಂಬುಲೆನ್ಸ್ ಕಾದು ನಿಂತಿತ್ತು.

ಸಿಲಿಂಡರು, ನಳಿಕೆ, ಸ್ಟ್ರೆಚರು: ಇವು ಆಂಬುಲೆನ್ಸಿನ ಹಳೆಯ ಗೆಳೆಯರು. ಕರ್ನಾಟಕದಲ್ಲಿ 108ರ ‘ಆರೋಗ್ಯ ಕವಚ’ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಕಾಲದ ಸಾಮಾನು ದವಾಖಾನೆಗಳಿಂದ ಹರಾಜಾಗಿ ಗುಜರಿ ಅಂಗಡಿ ಸೇರುತ್ತದೆ. ಕೆಲವು ಮನೆಗಳ ಅಟ್ಟದಲ್ಲಿಯೂ ಇರುತ್ತದೆ. ಅದರಿಂದ ಉಪಯೋಗವುಂಟೇ? ಬೆಲೆಯುಂಟೇ? ಸಾಮಾನನ್ನು ಮೂರು ಗುಂಪು ಮಾಡಿ ನೋಡೋಣ.

ಮೊದಲನೆಯದು, ಈಗಲೂ ಕಲಿಸುವಂಥದು. ಎರಡು ಗಳುಗಳ ನಡುವೆ ಕ್ಯಾನ್ವಾಸ್ ಬಿಗಿದ ಹಳೆಯ ಸ್ಟ್ರೆಚರನ್ನು ಗಮನಿಸಿರಿ. ಅದನ್ನು ನೋಡಿದವರು ಎರಡು ಗಟ್ಟಿ ಕೋಲು, ತಳದ ಮೂಲೆ ಕತ್ತರಿಸಿದ ಎರಡು ಗೋಣಿಚೀಲಗಳಿಂದ ಹೊಲದಲ್ಲಿಯೇ ಸ್ಟ್ರೆಚರು ಮಾಡಬಲ್ಲರು. ಥಾಮಸ್ ಸ್ಪ್ಲಿಂಟ್ ಎಂಬ ಕಬ್ಬಿಣದ ಚೌಕಟ್ಟು ಇನ್ನೊಂದು. ತೊಡೆಯ ಮೂಳೆ ಮುರಿದಾಗ ಸ್ನಾಯುಗಳು ಸೆಳೆದುಕೊಂಡು ಮೂಳೆಯ ಚೂಪು ತುದಿಗಳು ಒಳಗೆ ಚುಚ್ಚುತ್ತವೆ. ಈ ಚೌಕಟ್ಟು ಕಾಲನ್ನು ಎಳೆದು ಹಿಡಿದು ಅದನ್ನು ತಡೆಯುತ್ತದೆ. ಹ್ಯೂ ಓವೆನ್ ಥಾಮಸ್ (1834–1891) ರೂಪಿಸಿದ ಇದು ಮೊದಲನೆಯ ಮಹಾಯುದ್ಧದಲ್ಲಿ ಅನೇಕ ಸೈನಿಕರ ಜೀವ ಉಳಿಸಿತು. ಬಲಕ್ಕೆ ಪ್ರತಿಬಲ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಎರಡನೆಯದು, ನೋಡಲು ಮಾತ್ರ ಇಡುವಂಥದು: ಗಾಜಿನ ಸಿರಿಂಜು, ರಬ್ಬರಿನ ಮುಖವಾಡ, ಕೈಗಂಟೆ, ಔಷಧದ ಮರದ ಪೆಟ್ಟಿಗೆ. ರಬ್ಬರು ವಯಸ್ಸಾದಂತೆ ಬಿರುಕು ಬಿಡುತ್ತದೆ. ಇವನ್ನು ರೋಗಿಗೆ ಮತ್ತೆ ಬಳಸಲೇಬಾರದು. ಸಂಗ್ರಹಕಾರರು ಬೆಲೆ ಕೊಡುವುದು ಇಂಥವಕ್ಕೆ. ಅವರು ನೋಡುವುದು ಹೊಳಪನ್ನಲ್ಲ. ಜೋಡಿ ಪೂರ್ತಿಯಾಗಿದೆಯೇ, ತಯಾರಕರ ಹೆಸರಿನ ಪಟ್ಟಿ ಇದೆಯೇ, ಯಾವ ಊರಿನ ದವಾಖಾನೆಯಲ್ಲಿ ಯಾವ ವರ್ಷ ಇತ್ತೆಂಬುದಕ್ಕೆ ಕಾಗದವಿದೆಯೇ ಎಂಬುದನ್ನು. ಮರಳುಕಾಗದದಿಂದ ಉಜ್ಜಿ ಬಣ್ಣ ಬಳಿದರೆ ಬೆಲೆ ಇಳಿಯುತ್ತದೆ. ಸರಕಾರಿ ಸಾಮಾನಾದರೆ ಹರಾಜಿನ ರಸೀದಿಯನ್ನು ಜೋಪಾನ ಮಾಡಿರಿ.

ಮೂರನೆಯದು, ಮನೆಯಲ್ಲಿ ಇಡಬಾರದಂಥದು. ಪಾಲಕರು ಇದನ್ನು ಗಮನವಿಟ್ಟು ಓದಬೇಕು. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ. ಆದ್ದರಿಂದಲೇ ಹಳೆಯ ರಕ್ತದೊತ್ತಡ ಮಾಪಕ ಅಂಗೈ ಅಗಲದ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ. 120 ಮಿಲಿಮೀಟರ್ ಒತ್ತಡವನ್ನು ನೀರಿನಿಂದ ಅಳೆಯಹೊರಟರೆ ಒಂದೂವರೆ ಮೀಟರಿಗೂ ಎತ್ತರದ ನಳಿಕೆ ಬೇಕು! ಆದರೆ ಗಾಜು ಒಡೆದರೆ ಆ ಬೆಳ್ಳಿಹನಿಗಳಿಂದ ಕಣ್ಣಿಗೆ ಕಾಣದ ವಿಷದ ಆವಿ ಏಳುತ್ತದೆ. ಮಕ್ಕಳು ಅದನ್ನು ಅಂಗೈಯಲ್ಲಿ ಉರುಳಿಸಿ ಆಡಬಾರದು. ಪಾದರಸದ ಬಳಕೆಯನ್ನು ಕಡಿಮೆ ಮಾಡಲೆಂದೇ 2013ರಲ್ಲಿ ಮಿನಮಾಟಾ ಒಪ್ಪಂದವಾಯಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಇಂಥ ಮಾಪಕವನ್ನು ಗುಜರಿಯವನಿಗೆ ಕೊಡದೆ, ಬಿಚ್ಚದೆ, ದೊಡ್ಡ ಆಸ್ಪತ್ರೆಯವರನ್ನು ವಿಚಾರಿಸಿರಿ.

ಆಮ್ಲಜನಕದ ಹಳೆಯ ಸಿಲಿಂಡರೂ ಅಷ್ಟೇ. ತುಂಬಿದಾಗ ಅದರೊಳಗೆ ಹೊರಗಿನ ಗಾಳಿಯ ಒತ್ತಡದ ನೂರು ಪಟ್ಟಿಗೂ ಮೀರಿದ ಒತ್ತಡವಿರುತ್ತದೆ. ತುಕ್ಕು ಹಿಡಿದ ತಿರುಪಿಗೆ ಎಣ್ಣೆ ಹಚ್ಚಿದರೆ ಬೆಂಕಿ ಹತ್ತಬಹುದು. ಖಾಲಿ ಎಂದು ನಂಬಿ ಕತ್ತರಿಸುವುದಂತೂ ಬೇಡವೇ ಬೇಡ. ಗ್ಯಾಸ್ ತುಂಬುವವರಿಗೆ ಒಪ್ಪಿಸಿರಿ.

ಮಕ್ಕಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಊರಿನ ನಿವೃತ್ತ ಕಂಪೌಂಡರ್, ದಾಯಿ, ಚಾಲಕರನ್ನು ಕಂಡು, ಆಗ ರೋಗಿಯನ್ನು ಚಕ್ಕಡಿಯಲ್ಲಿ ತಂದರೋ ಹೊರಸಿನ ಮೇಲೆ ಹೊತ್ತು ತಂದರೋ ಕೇಳಿ ಬರೆದುಕೊಳ್ಳಿರಿ. ಸಾಮಾನಿನ ಜತೆ ಆ ಹಾಳೆಯನ್ನೂ ಇಟ್ಟರೆ ನಿಮ್ಮ ಶಾಲೆಯ ಕಪಾಟು ಒಂದು ಪುಟ್ಟ ವಸ್ತುಸಂಗ್ರಹಾಲಯವಾಗುತ್ತದೆ.