ಮೊಲದ ಮೈಗೆ ಹಾಕಿದ್ದು ಮೊಲದ ಹೊಟ್ಟೆಗೆ (ಡ್ಯೂಟಿ ಮುಗಿದ ಮೇಲೆ, ಭಾಗ 27)

ಈ ಸಲ ಬಿಪಿ ಬಗ್ಗೆನೂ ಅಲ್ಲ, ಶುಗರ್ ಬಗ್ಗೆನೂ ಅಲ್ಲ, ಮೊಲದ ಬಗ್ಗೆ. ನಗಬೇಡಿ. ಒಂದೇ ತಿಂಗಳಲ್ಲಿ ಊರಿಂದ ಮೂರು ಜನ ಅದೇ ಗುಲಾಬಿ ಮೊಲದ ರೀಲ್ಸ್ ಕಳಿಸಿ, ಅದೇ ಪ್ರಶ್ನೆ ಕೇಳಿದ್ದೀರಿ: "ನಮ್ಮನೆ ಬಿಳಿ ಮೊಲಕ್ಕೂ ಹೀಗೆ ಬಣ್ಣ ಹಾಕಬಹುದಾ? ಮಗು ಹಟ ಮಾಡ್ತಿದೆ. ಏನೂ ಆಗಲ್ಲ ಅಲ್ವಾ?"

ಆಗುತ್ತೆ. ಹಾಕಬೇಡಿ. ಹೇರ್ ಡೈ ಬೇಡ, ಹೋಳಿ ಬಣ್ಣ ಬೇಡ, ಬೀಟ್ರೂಟ್ ರಸವೂ ಬೇಡ. ನಾನು ಮನುಷ್ಯರ ನರ್ಸು, ಪಶುವೈದ್ಯೆ ಅಲ್ಲ. ಆದರೆ ಈ ವಿಷಯ ಅರ್ಥ ಮಾಡ್ಕೊಳ್ಳೋಕೆ ಬೇಕಾದ ಪಾಠ ನಮಗೆ ನರ್ಸಿಂಗ್ ಕಾಲೇಜಿನ ಮೊದಲ ವರ್ಷದಲ್ಲೇ ಹೇಳಿಕೊಟ್ಟಿದ್ದಾರೆ.

ಔಷಧಿ ಕೊಡೋ ಮುಂಚೆ ಐದು ವಿಷಯ ಸರಿ ಇದೆಯಾ ನೋಡಬೇಕು: ರೋಗಿ, ಔಷಧಿ, ಪ್ರಮಾಣ, ಸಮಯ, ದಾರಿ. ದಾರಿ ಅಂದರೆ ಬಾಯಿಗೋ, ಚರ್ಮಕ್ಕೋ, ರಕ್ತನಾಳಕ್ಕೋ ಅನ್ನೋದು. ಚರ್ಮಕ್ಕೆ ಹಚ್ಚೋ ಮುಲಾಮನ್ನ ಯಾರಿಗೂ ನುಂಗಿಸಲ್ಲ. ಹಚ್ಚಿದ್ರೆ ಔಷಧಿ, ನುಂಗಿದ್ರೆ ವಿಷ ಆಗೋ ಪದಾರ್ಥಗಳು ಎಷ್ಟೋ ಇವೆ.

ಮೊಲಕ್ಕೆ ಈ ಎರಡು ದಾರಿ ಬೇರೆ ಬೇರೆ ಇಲ್ಲ. ಅದು ದಿನದಲ್ಲಿ ಎಷ್ಟೋ ಹೊತ್ತು ತನ್ನ ಮೈಯನ್ನ ತಾನೇ ನೆಕ್ಕಿಕೊಂಡು ಕ್ಲೀನ್ ಮಾಡ್ಕೊಳ್ಳುತ್ತೆ. ಕೂದಲ ಮೇಲೆ ಏನಿದ್ದರೂ ಸ್ವಲ್ಪ ಸ್ವಲ್ಪವಾಗಿ ಹೊಟ್ಟೆ ಸೇರುತ್ತೆ. ನಾಯಿ, ಬೆಕ್ಕಿಗಾದ್ರೆ ಹಿಡಿಸದೇ ಇದ್ದದ್ದನ್ನ ವಾಂತಿ ಮಾಡೋ ಶಕ್ತಿ ಇದೆ. ಮೊಲಕ್ಕೆ ವಾಂತಿ ಮಾಡೋಕೇ ಬರಲ್ಲ. ಒಳಗೆ ಹೋಗಿದ್ದು ಪೂರ್ತಿ ಕರುಳು ದಾಟಿಯೇ ಹೊರಗೆ ಬರಬೇಕು.

ಈಗ ಬಣ್ಣಗಳನ್ನ ನೋಡಿ. ತಲೆಗೆ ಹಾಕೋ ಎಷ್ಟೋ ಕಪ್ಪು ಡೈಗಳಲ್ಲಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ. ಕೆಲವರಿಗೆ ಅದು ತಲೆಗೆ ತಾಗಿದರೇ ಮುಖ ಊದಿಕೊಳ್ಳುತ್ತೆ. ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟುತ್ತೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತೆ, ಕಿಡ್ನಿ ಕೈಕೊಡುತ್ತೆ. ನಮ್ಮ ಕಡೆ ಸರ್ಕಾರಿ ಆಸ್ಪತ್ರೆಗಳ ಎಮರ್ಜೆನ್ಸಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅರವತ್ತು ಕೇಜಿ ಮನುಷ್ಯನ ಪಾಡೇ ಹೀಗಿರುವಾಗ, ಎರಡು ಕೇಜಿ ಮೊಲದ ಗತಿ ಏನು?

ಗುಲಾಬಿ ಬಣ್ಣದ ಕಥೆನೂ ಕೇಳಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಹಾಕಬಾರದು, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಮಾಡಿತು, ನೆನಪಿದೆಯಾ? ರೋಡಮೈನ್-ಬಿ ಬಟ್ಟೆಗೆ, ಕಾಗದಕ್ಕೆ ಬಣ್ಣ ಕಟ್ಟೋ ಪದಾರ್ಥ. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗೋ ಅಗ್ಗದ ಗುಲಾಬಿ ಪುಡಿಯಲ್ಲಿ ಅದೇ ಇರಬಹುದು. ನಮ್ಮ ಮಕ್ಕಳ ಬಾಯಿಗೆ ಬೇಡ ಅಂದಿದ್ದನ್ನ ಮೊಲದ ಬಾಯಿಗೆ ಹಾಕೋದಾ?

"ಹಾಗಾದ್ರೆ ಬೀಟ್ರೂಟು, ಅರಿಶಿನ? ಅದು ನ್ಯಾಚುರಲ್ ಅಲ್ವಾ?" ಇದನ್ನೂ ಕೇಳ್ತೀರಿ ಅಂತ ಗೊತ್ತು. ಅವುಗಳ ವಿಷಯದಲ್ಲಿ ಬಣ್ಣಕ್ಕಿಂತ ಬಣ್ಣ ಹಾಕೋ ಕೆಲಸವೇ ಅಪಾಯ. ಮೈ ಒದ್ದೆ ಮಾಡಬೇಕು, ಹಿಡ್ಕೋಬೇಕು, ಒಣಗಿಸಬೇಕು. ಮೊಲದ ಕೂದಲು ಬಹಳ ದಟ್ಟ, ಬೇಗ ಒಣಗಲ್ಲ, ಅಷ್ಟರಲ್ಲಿ ಮೈ ತಣ್ಣಗಾಗಿಬಿಡುತ್ತೆ. ಡ್ರೈಯರ್ ಹಿಡಿದ್ರೆ ಶಾಖ ತಡೆಯಲ್ಲ, ಸದ್ದಿಗೂ ಹೆದರುತ್ತೆ. ಅದರ ಚರ್ಮ ತೆಳು, ಮೂಳೆ ಹಗುರ. ಬಿಡಿಸಿಕೊಳ್ಳೋಕೆ ಹಿಂಗಾಲು ಜಾಡಿಸಿ ಒದ್ದಾಗ ತನ್ನ ಬೆನ್ನುಮೂಳೆಯನ್ನ ತಾನೇ ಮುರಿದುಕೊಳ್ಳೋದೂ ಉಂಟು.

ರೀಲ್ಸ್‌ನಲ್ಲಿ ಮೊಲ ಅಲ್ಲಾಡದೆ ಮಲಗಿರುತ್ತಲ್ಲ, "ಪಾಪ, ಎಷ್ಟು ಚೆನ್ನಾಗಿ ಸುಮ್ಮನಿದೆ" ಅಂತೀವಿ. ಅಂಗಾತ ಮಲಗಿಸಿದಾಗ ಮೊಲ ಹಾಗೆ ಮರಗಟ್ಟೋದು ಸುಖಕ್ಕಲ್ಲ, ಭಯಕ್ಕೆ. ಹಿಡಿದ ಪ್ರಾಣಿ ಬಿಟ್ಟುಹೋಗಲಿ ಅಂತ ಸತ್ತ ಹಾಗೆ ಬಿದ್ದಿರುತ್ತೆ. ಹೆದರಿದ ಮೊಲ ತಿನ್ನೋದು ಬಿಡುತ್ತೆ. ತಿನ್ನೋದು ಬಿಟ್ಟರೆ ಕರುಳಿನ ಚಲನೆ ನಿಲ್ಲುತ್ತೆ, ಹೊಟ್ಟೆ ಉಬ್ಬರಿಸುತ್ತೆ. ಎಷ್ಟೋ ಮನೆಗಳಲ್ಲಿ "ರಾತ್ರಿ ಚೆನ್ನಾಗೇ ಇತ್ತು, ಬೆಳಗ್ಗೆ ನೋಡಿದ್ರೆ ಸತ್ತಿತ್ತು" ಅಂತಾರಲ್ಲ, ಹಲವು ಸಲ ಅದರ ಹಿಂದೆ ಇದೇ ಇರುತ್ತೆ.

ದೊಡ್ಡಪ್ಪ ಒಂದು ಒಳ್ಳೇ ಪ್ರಶ್ನೆ ಕೇಳಿದ್ರು: "ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಹಾಕಲ್ವೇನಮ್ಮಾ?" ಹಾಕ್ತೀವಿ ದೊಡ್ಡಪ್ಪ. ಕೊಂಬಿನ ಹೊರಚಿಪ್ಪು ನಮ್ಮ ಉಗುರಿದ್ದ ಹಾಗೆ, ತನ್ನ ಕೊಂಬನ್ನ ಎತ್ತು ನೆಕ್ಕೋಕಾಗಲ್ಲ. ಅದರ ಮೈತೂಕವೂ ನೂರಾರು ಕೇಜಿ. ನಾವು ಡೋಸ್ ಲೆಕ್ಕ ಹಾಕೋದೇ ತೂಕದ ಮೇಲೆ. ಅಲ್ಲದೆ ಎತ್ತು ವರ್ಷವೆಲ್ಲಾ ದುಡಿದಿದೆ ಅಂತ ಅವತ್ತು ಅದಕ್ಕೆ ಮರ್ಯಾದೆ ಮಾಡ್ತೀವಿ. ಮೊಲಕ್ಕೆ ಬಣ್ಣ ಹಾಕೋದು ನಮ್ಮ ಫೋಟೋಗೆ.

ಇದಕ್ಕೆ ಹೋಲಿಸಬೇಕಾದ್ದು ಜಾತ್ರೆಯಲ್ಲಿ ಮಾರೋ ಬಣ್ಣದ ಕೋಳಿಮರಿಗಳನ್ನ. ಹಸಿರು, ನೇರಳೆ ಮರಿ ತಂದು ರಟ್ಟಿನ ಡಬ್ಬದಲ್ಲಿ ಇಟ್ಟುಕೊಂಡ ನಮ್ಮ ಕಾಲದ ಮಕ್ಕಳಿಗೆಲ್ಲ ಗೊತ್ತು, ಎಷ್ಟು ಮರಿ ಒಂದು ವಾರ ದಾಟಿದವು ಅಂತ. ಮೊಟ್ಟೆ ಇಡದ ಗಂಡುಮರಿ ಹ್ಯಾಚರಿಯವರಿಗೆ ಬೇಡ, ಬಣ್ಣ ಹಾಕಿದ್ರೆ ಮಾತ್ರ ನಾಲ್ಕು ಕಾಸು. ಈ ಅಮೆರಿಕದಲ್ಲೂ ಈಸ್ಟರ್ ಹಬ್ಬಕ್ಕೆ ಮರಿಗಳಿಗೆ ಬಣ್ಣ ಹಾಕಿ ಮಾರೋ ಚಾಳಿ ಇತ್ತು. ನಾನಿರೋ ಕ್ಯಾಲಿಫೋರ್ನಿಯಾದಲ್ಲಿ ಕೋಳಿಮರಿ, ಬಾತುಮರಿ, ಮೊಲಕ್ಕೆ ಬಣ್ಣ ಹಾಕೋದು ಅಪರಾಧ ಅಂತ ದಂಡಸಂಹಿತೆಯ 599ನೇ ಸೆಕ್ಷನ್ನೇ ಹೇಳುತ್ತೆ. ನ್ಯೂಯಾರ್ಕ್‌ನಲ್ಲೂ ಬಣ್ಣ ಹಾಕಿದ ಮೊಲ ಮಾರೋ ಹಾಗಿಲ್ಲ. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ. ಆದರೆ ಮನೆಯೊಳಗಿನ ಮೊಲವನ್ನ ಕಾಯೋಕೆ ಪೊಲೀಸ್ ಬರಲ್ಲ, ನಾವೇ ಕಾಯಬೇಕು.

ಈಗಾಗಲೇ ಯಾರಾದ್ರೂ ಹಾಕಿಬಿಟ್ಟಿದ್ದರೆ ಗಾಬರಿ ಬೇಡ, ಬೈಯೋದೂ ಬೇಡ. ಬಕೆಟ್‌ನಲ್ಲಿ ಮುಳುಗಿಸಿ ಸ್ನಾನ ಮಾತ್ರ ಮಾಡಿಸಬೇಡಿ, ಶಾಂಪೂನೂ ಬೇಡ. ಒಣ ಪುಡಿ ಆದ್ರೆ ಮೆತ್ತನೆ ಬ್ರಷ್‌ನಲ್ಲಿ ಉದುರಿಸಿ. ಒದ್ದೆ ಬಣ್ಣ ಆದ್ರೆ ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಟವೆಲ್‌ನಲ್ಲಿ ಒತ್ತಿ ಒಣಗಿಸಿ. ಮುಂದೆ ಒಣಹುಲ್ಲು, ನೀರು ಇಡಿ. ಹೇರ್ ಡೈ ಆಗಿದ್ದರೆ ಕಾಯಬೇಡಿ, ಪ್ಯಾಕೆಟ್ ಸಮೇತ ಪಶುವೈದ್ಯರ ಹತ್ತಿರ ಹೋಗಿ. ಬೇರೆ ಬಣ್ಣ ಆದರೂ ಹನ್ನೆರಡು ಗಂಟೆ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದ್ರೆ ಅದು ಎಮರ್ಜೆನ್ಸಿ. ಹತ್ತಿರದಲ್ಲಿ ಮೊಲ ನೋಡೋರು ಸಿಗದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಮನೆಯಲ್ಲಿರೋ ಅಲರ್ಜಿ ಮಾತ್ರೆ ಮುರಿದು ಕೊಡೋ ವೈದ್ಯ ಮಾತ್ರ ಯಾರೂ ಆಗಬೇಡಿ.

ಹಟ ಮಾಡೋ ಮಕ್ಕಳಿಗೆ ಸುಮ್ಮನೆ "ಬೇಡ" ಅನ್ನಬೇಡಿ, ಕಾರಣ ಹೇಳಿ. ಮೊಲ ನೆಕ್ಕಿಕೊಳ್ಳೋದನ್ನ ಹತ್ತು ನಿಮಿಷ ದೂರ ಕೂತು ನೋಡೋಕೆ ಹೇಳಿ, ಅವರಿಗೇ ಅರ್ಥ ಆಗುತ್ತೆ. ಬಣ್ಣ ಬೇಕೇ ಬೇಕು ಅಂದ್ರೆ ಮೊಬೈಲಲ್ಲಿ ಫೋಟೋಗೆ ಹಾಕಲಿ, ಗುಲಾಬಿ, ನೀಲಿ, ಕಾಮನಬಿಲ್ಲು, ಯಾವುದು ಬೇಕಾದ್ರೂ. ಗೂಡಿಗೆ ಮಾತ್ರ ಪೇಂಟ್ ಬೇಡ, ಮೊಲ ಅದನ್ನೂ ಕಡಿಯುತ್ತೆ.