ಧನುಷ್ಕೋಡಿ: ಸಮುದ್ರ ಕಸಿದುಕೊಂಡ ನಿಲ್ದಾಣ

ಭಾರತದ ಭೂಪಟದಲ್ಲಿ ರಾಮೇಶ್ವರಂ ದ್ವೀಪವನ್ನು ಗುರುತಿಸಿ. ಅದರ ಆಗ್ನೇಯ ತುದಿಯಲ್ಲಿ ಶ್ರೀಲಂಕಾದತ್ತ ಚಾಚಿಕೊಂಡ ಮರಳಿನ ಕಿರುಪಟ್ಟಿಯೇ ಧನುಷ್ಕೋಡಿ. ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಮನ್ನಾರ್ ಕೊಲ್ಲಿ. ಇಂಥ ಜಾಗಕ್ಕೆ ರೈಲು ಬಂದದ್ದಾದರೂ ಏಕೆ?

ಉತ್ತರ ಸಮುದ್ರದ ಆಚೆಗಿದೆ. 1914ರ ಫೆಬ್ರವರಿ 24ರಂದು ಪಾಂಬನ್ ಸೇತುವೆ ಸಂಚಾರಕ್ಕೆ ತೆರೆಯಿತು. ಹಡಗು ಬಂದಾಗ ಅದರ ನಡುಭಾಗ ಎರಡಾಗಿ ತೆರೆದುಕೊಂಡು ಮೇಲೇಳುತ್ತಿತ್ತು. ಮದರಾಸಿನಿಂದ ಹೊರಟ ‘ಬೋಟ್ ಮೇಲ್’ ಈ ಸೇತುವೆ ದಾಟಿ ಧನುಷ್ಕೋಡಿ ಸೇರುತ್ತಿತ್ತು. ಪ್ರಯಾಣಿಕರು ಅಲ್ಲಿ ಉಗಿಹಡಗು ಹತ್ತಿ ಶ್ರೀಲಂಕಾದ ತಲೈಮನ್ನಾರ್‌ನಲ್ಲಿಳಿದು, ಮತ್ತೆ ರೈಲಿನಲ್ಲಿ ಕೊಲಂಬೊಗೆ ಹೋಗುತ್ತಿದ್ದರು. ರೈಲಿನ ಬೆನ್ನಿಗೇ ಅಂಚೆ ಕಚೇರಿ, ಸುಂಕದ ಕಟ್ಟೆ, ಶಾಲೆ, ಚರ್ಚು, ರೈಲ್ವೆ ವಸತಿಗೃಹಗಳು ಬಂದವು. ಮರಳ ದಿಬ್ಬ ಊರಾಯಿತು.

ಐವತ್ತು ವರ್ಷ ಬೆಳೆದ ಊರು ಒಂದೇ ರಾತ್ರಿಯಲ್ಲಿ ಅಳಿಯಿತು. 1964ರ ಡಿಸೆಂಬರ್ 22ರಂದು ಚಂಡಮಾರುತ ಅಪ್ಪಳಿಸಿತು. ಪಾಂಬನ್‌ನಿಂದ ಹೊರಟ 653ನೇ ನಂಬರಿನ ಪ್ಯಾಸೆಂಜರ್ ಗಾಡಿ ಇನ್ನೇನು ನಿಲ್ದಾಣ ತಲುಪಬೇಕು ಎನ್ನುವಷ್ಟರಲ್ಲಿ ದೈತ್ಯ ಅಲೆಗಳಿಗೆ ಸಿಲುಕಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನ ನೀರುಪಾಲಾದರು. ನಿಲ್ದಾಣ, ಹಳಿ, ಹಡಗುಕಟ್ಟೆ ಎಲ್ಲವೂ ನಾಶವಾದವು. ಪಾಂಬನ್ ಸೇತುವೆಯ ಬಹುಪಾಲು ಗರ್ಡರ್‌ಗಳು ಕೊಚ್ಚಿಹೋದವು.

ಸೇತುವೆಯ ದುರಸ್ತಿಗೆ ಆರು ತಿಂಗಳು ಬೇಕೆಂದು ಅಂದಾಜಿತ್ತು. 32 ವರ್ಷದ ಇಂಜಿನಿಯರ್ ಇ. ಶ್ರೀಧರನ್ ಅವರ ತಂಡ ಮುಳುಗಿದ್ದ ಗರ್ಡರ್‌ಗಳನ್ನೇ ಮೇಲೆತ್ತಿಸಿ 46 ದಿನಗಳಲ್ಲಿ ಕೆಲಸ ಮುಗಿಸಿತು. ಆದರೆ ರೈಲು ಧನುಷ್ಕೋಡಿಗೆ ಮರಳಲಿಲ್ಲ. ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಘೋಷಿಸಿತು. ಹಡಗು ಸಂಚಾರವೂ ರಾಮೇಶ್ವರಕ್ಕೆ ಸ್ಥಳಾಂತರಗೊಂಡು, ಶ್ರೀಲಂಕಾದ ಜನಾಂಗೀಯ ಸಂಘರ್ಷದ ದಿನಗಳಲ್ಲಿ, 1984ರಲ್ಲಿ, ಅದೂ ನಿಂತಿತು. ಯಾವ ಹಡಗಿಗಾಗಿ ನಿಲ್ದಾಣ ಹುಟ್ಟಿತ್ತೋ ಆ ಹಡಗೇ ಇಲ್ಲವಾಯಿತು.

ಮುರಿದ ಸೇತುವೆಯನ್ನು ಕೌಶಲದಿಂದ ಮತ್ತೆ ಕಟ್ಟಬಹುದು. ನಿಲ್ದಾಣಕ್ಕೆ ಕಟ್ಟಡ, ಹಳಿ ಇದ್ದರೆ ಸಾಲದು. ಇಳಿಯುವವರಿಗೊಂದು ಊರು, ಹೋಗುವವರಿಗೊಂದು ದಾರಿ ಬೇಕು. 2025ರ ಏಪ್ರಿಲ್ 6ರಂದು ಪಾಂಬನ್‌ನಲ್ಲಿ ಹೊಸ ಸೇತುವೆ ಉದ್ಘಾಟನೆಯಾಯಿತು. ಅದರ ಮೇಲಿನ ರೈಲಿಗೂ ರಾಮೇಶ್ವರವೇ ಕೊನೆಯ ನಿಲ್ದಾಣ.

ಧನುಷ್ಕೋಡಿ ಮಾತ್ರ ಪೂರ್ತಿ ಬರಿದಾಗಿಲ್ಲ. ಮೀನುಗಾರರ ಕುಟುಂಬಗಳು ಮರಳಿ ಬಂದು ಗುಡಿಸಲು ಕಟ್ಟಿಕೊಂಡವು. ಅವರ ಮಕ್ಕಳಿಗಾಗಿ ಅಲ್ಲೊಂದು ಸರ್ಕಾರಿ ಶಾಲೆ ತೆರೆಯಿತು. ರೈಲು ಮರೆತ ಊರಿಗೆ ಶಾಲೆಯ ಗಂಟೆ ಮರಳಿತು.